ಎರಡು ಕೋವಿಯ ಗೋಡೆ

ಒಳ್ಳೆಯ ಜೋಡುನಳಿಗೆ ಕೋವಿಯನ್ನು ಮಡಚಿ ಮತ್ತೆ ಮುಚ್ಚುವಾಗ ಒಂದು ಸದ್ದು ಬರುತ್ತದೆ. ಅವಸರದಲ್ಲಿ ಮಾಡಿ ಮುಗಿಸಿದ ಕೋವಿಯಾದರೆ ಟಣ್ಣೆನ್ನುತ್ತದೆ. ಲೋಹಕ್ಕೆ ಲೋಹ ಬಡಿದ ಸದ್ದು ಅದು. ನೂರು ವರ್ಷದ ಹಿಂದೆ ಬರ್ಮಿಂಗ್‌ಹ್ಯಾಮಿನ ಕಿಟಕಿಯ ಪಕ್ಕ ಅರ ಹಿಡಿದು ಕೂತವನೊಬ್ಬ ದೀಪದ ಮಸಿ ಹಿಡಿಸಿ, ಒತ್ತಿ ನೋಡಿ, ಮಸಿ ಅಳಿಸಿದಲ್ಲಷ್ಟೇ ಒಂದು ಎಳೆ ಉಜ್ಜಿ, ಮತ್ತೆ ಮಸಿ ಹಿಡಿಸಿ ಕೂರಿಸಿದ ಕೋವಿ ಹಾಗೆ ಬಡಿಯುವುದಿಲ್ಲ. ಬೀಟೆ ಮರದ ಹಳೆಯ ಪೆಟ್ಟಿಗೆಯ ಮುಚ್ಚಳ ಒಳಗಿನ ಗಾಳಿಯನ್ನು ಮೆಲ್ಲಗೆ ಒತ್ತಿ ಕೂತಂತೆ ಕೂರುತ್ತದೆ. ಸಣ್ಣ, ದುಂಡಗಿನ, ತುಂಬಿದ ಸದ್ದು. ಅದನ್ನು ಮೊದಲ ಸಲ ಕೇಳಿದಂದಿನಿಂದ ನನ್ನೊಳಗೆ ಒಂದು ಪಟ್ಟಿ ಬೆಳೆಯುತ್ತ ಬಂದಿದೆ. ಎಂದಾದರೊಂದು ದಿನ ನನ್ನವಾಗಬೇಕಾದ ಕೋವಿಗಳ ಪಟ್ಟಿ.

ಪಟ್ಟಿ ಉದ್ದವಿದೆ, ಗೋಡೆಯಲ್ಲಿ ಜಾಗ ಎರಡಕ್ಕೆ ಮಾತ್ರ. ನಮ್ಮ ಶಸ್ತ್ರಾಸ್ತ್ರ ಕಾಯ್ದೆ 1959ರದು. ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಾಗಿದ್ದುದನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಅಜ್ಜನ ಕಾಲದಿಂದ ಬಂದದ್ದೂ ಆ ಎರಡರ ಲೆಕ್ಕಕ್ಕೇ ಸೇರುತ್ತದೆ. ಇದರಿಂದ ನನಗೆ ಬೇಸರವೇನೂ ಆಗಿಲ್ಲ. ಪಟ್ಟಿಯ ಒಂದೊಂದೇ ಹೆಸರನ್ನು ಎತ್ತಿ, ತೂಗಿ, ಬೆಳಕಿಗೆ ಹಿಡಿದು ನೋಡುವ ಸುಖ ಇನ್ನಷ್ಟು ಹೆಚ್ಚಿದೆ. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಿಡಿದು ಹೋಗುವ ಮುನ್ನ ಮನಸ್ಸು ಗಟ್ಟಿಯಾಗಿರಬೇಕು. ಯಾವ ಎರಡು?

ನಮ್ಮ ಕಡೆ ಕೋವಿ ಎಂದರೆ ಮೊದಲು ಕಣ್ಣಿಗೆ ಬರುವುದು ಕೇಪಿನ ಕೋವಿ. ಲೈಸೆನ್ಸ್ ಪುಸ್ತಕದಲ್ಲಿ ಅದು ಎಸ್‌ಬಿಎಂಎಲ್, ಅಂದರೆ ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆ. ಮನೆಮಂದಿಯ ತುಳುವಿನಲ್ಲಿ ಬರೀ ಬೆಡಿ. ಕಾರ್ಕಳದಿಂದ ಬಜಗೋಳಿ, ಮಾಳ, ಹೆಬ್ರಿಯ ಕಡೆ ಹೋದರೆ ಘಟ್ಟದ ಬುಡದ ತೋಟದ ಮನೆಗಳಲ್ಲಿ, ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ, ಚಾವಡಿಯ ಒಳಗೋಡೆಯಲ್ಲಿ ಇದನ್ನು ಕಾಣಬಹುದು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯ ಕಾಲ ಮುಗಿಯಿತು. ಈಗ ಅದರ ಕೆಲಸ ಹೆಚ್ಚಾಗಿ ಗದ್ದೆಗೆ ಇಳಿದ ಹಂದಿಯನ್ನೂ ಬೊಂಡ ಕೀಳುವ ಮಂಗಗಳನ್ನೂ ಒಂದು ಢಮಾರಿನಿಂದ ಓಡಿಸುವುದು.

ಆದರೆ ನೋಡಲು ಅದೆಷ್ಟು ಚಂದ! ಆಳಿನ ಎದೆಮಟ್ಟಕ್ಕೂ ಮೀರಿ ನಿಲ್ಲುವ ಒಂಟಿ ನಳಿಗೆ. ನಾನು ಬಹಳವಾಗಿ ಮೆಚ್ಚಿದ ಒಂದರಲ್ಲಿ ಆ ನಳಿಗೆ ಬುಡದಲ್ಲಿ ಎಂಟು ಮುಖಗಳಾಗಿ ಹೊರಟು, ಒಂದು ಮೊಳ ಮುಂದೆ ಹೋಗುವಷ್ಟರಲ್ಲಿ ಏಣುಗಳನ್ನೆಲ್ಲ ಕಳೆದುಕೊಂಡು ದುಂಡಗಾಗುತ್ತದೆ. ಎಂಟು ಎಲ್ಲಿ ಮುಗಿಯಿತು, ದುಂಡು ಎಲ್ಲಿ ಶುರುವಾಯಿತು ಎಂದು ಬೆರಳು ಓಡಿಸಿ ಹುಡುಕಿದರೂ ಸಿಗುವುದಿಲ್ಲ. ಅರ ಹಿಡಿದ ಕೈಯ ಹೆಗ್ಗಳಿಕೆ ಅದೇ. ನಳಿಗೆಯನ್ನೂ ಮರವನ್ನೂ ಬಿಗಿದ ಹಿತ್ತಾಳೆಯ ಪಟ್ಟಿಗಳು ತಲೆಮಾರುಗಳ ಅಂಗೈ ತಾಗಿ ತೆಳುವಾಗಿ, ಅರಸಿನ ಬಣ್ಣ ಬಿಟ್ಟು ಜೇನಿನ ಬಣ್ಣಕ್ಕೆ ತಿರುಗಿವೆ. ಹಿಂದಿನ ಮರ ವಿಲಾಯಿತಿಯದಲ್ಲ. ಮೂಲದ್ದು ಯಾವಾಗಲೋ ಸೀಳಿತ್ತಂತೆ. ಊರಿನ ಆಚಾರಿ ಹಲಸಿನ ಮರದಲ್ಲಿ ಹೊಸದನ್ನು ಕೆತ್ತಿ ಕೂರಿಸಿದ್ದಾರೆ. ಕೆನ್ನೆ ಒರಗುವ ಕಡೆ ಅವರು ಕೊಟ್ಟ ಸಣ್ಣ ತಗ್ಗು ಯಾವ ನಕ್ಷೆಯಲ್ಲೂ ಇದ್ದದ್ದಲ್ಲ. ಆ ಮನೆಯ ಯಜಮಾನರ ಕೆನ್ನೆಯನ್ನೇ ನೋಡಿ ಕೆತ್ತಿದ್ದು.

ಅವರನ್ನು ನಾವೆಲ್ಲ ಮಾವ ಎನ್ನುತ್ತೇವೆ. ಕೋವಿಯ ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯನ್ನು, ಮೆಲ್ಲಗೆ ಹಿಂದಕ್ಕೆಳೆದು ತೋರಿಸಿದರು. ಅರ್ಧಕ್ಕೆ ಒಂದು ಕ್ಲಿಕ್ಕು, ಪೂರ್ತಿಗೆ ಇನ್ನೊಂದು. ಮೊದಲನೆಯದು ಮಂದ್ರ, ಎರಡನೆಯದು ಅದಕ್ಕಿಂತ ತುಸು ತೀಕ್ಷ್ಣ. "ಎರಡನೇದು ಕೇಳಿತಾ? ಅದು ಕೇಳ್ಲಿಕ್ಕೆ ಸಣ್ಣದುಂಟು ಮಾರಾಯ, ಆದ್ರೆ ತೋಟದಲ್ಲಿ ರಾತ್ರಿ ಅದೇ ದೊಡ್ಡ ಸದ್ದು" ಎಂದರು. ಆ ಕ್ಲಿಕ್ಕಿನ ಹಿಂದೆ ಇರುವುದು ಬಾಗಿದ ಒಂದು ಉಕ್ಕಿನ ಪಟ್ಟಿ, ಒಂದು ಗಾಲಿಯ ಎರಡು ಕಚ್ಚು, ಅದಕ್ಕೆ ಕೂರುವ ಒಂದು ನಾಲಗೆ. ಇಷ್ಟೇ. ಇಷ್ಟನ್ನು ಇಷ್ಟು ಚೊಕ್ಕವಾಗಿ ಮಾಡಿದರೆ ಅದು ನೂರು ವರ್ಷ ಅದೇ ಸ್ವರದಲ್ಲಿ ಕೂಗುತ್ತದೆ.

ಇಂಥ ಕೋವಿಗಳನ್ನು ಒಟ್ಟಿಗೆ ನೋಡುವ ಯೋಗ ಬರುವುದು ಚುನಾವಣೆಯ ಕಾಲದಲ್ಲಿ. ದಿನಾಂಕ ಘೋಷಣೆಯಾದೊಡನೆ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಹೊರಡುತ್ತದೆ. ಬೆಳೆ ಕಾಯಬೇಕಾದ ರೈತರಿಗೆ ಇದು ಕಷ್ಟವೇ, ವಿನಾಯಿತಿ ಕೇಳುತ್ತಲೇ ಇದ್ದಾರೆ. ಆದರೂ ಒಪ್ಪಿಸಲು ಬಂದವರ ಸಾಲಿನಲ್ಲಿ ಹಳೆಯ ಬೈರಾಸಿನಲ್ಲಿ ಸುತ್ತಿದ್ದು, ಗೋಣಿಯಲ್ಲಿ ಕಟ್ಟಿದ್ದು, ಚರ್ಮದ ಚೀಲದಲ್ಲಿ ಜತನವಾಗಿ ಇಟ್ಟದ್ದು ಒಂದೊಂದೇ ಬಿಚ್ಚಿಕೊಳ್ಳುವಾಗ ನಾನು ಕಣ್ಣು ಕೀಳಲಾರೆ. ಬೆಲ್ಜಿಯಂನ ಲಿಯೇಜ್ ಮುದ್ರೆಯ ಜೋಡುನಳಿಗೆ, ಇಷಾಪುರದ ಸರಕಾರಿ ಕಾರ್ಖಾನೆಯ ಗಟ್ಟಿಮುಟ್ಟಾದ ತೋಟೆ ಕೋವಿ, ನಡುವೆ ಯಾವುದೋ ಗುತ್ತಿನ ಮನೆಯಿಂದ ಬಂದ, ಕುದುರೆಗಳು ಹೊರಗೇ ಇರುವ ಹಳೆಯ ಇಂಗ್ಲಿಷ್ ಕೋವಿ. ಚೀಟಿ ಕಟ್ಟಿ ಗೋಡೆಗೆ ಒರಗಿಸಿದ ಆ ಸಾಲಿನ ಮುಂದೆ ನಿಂತರೆ ಕರಾವಳಿಯ ಒಂದೂವರೆ ಶತಮಾನದ ಕೃಷಿಚರಿತ್ರೆ ಒಂದೇ ನೋಟಕ್ಕೆ ಸಿಗುತ್ತದೆ.

ಉಡುಪಿಯಿಂದ ಹುಲಿಕಲ್ ಘಾಟಿ ಹತ್ತಿದರೆ ನಗರ. ಕೆಳದಿಯವರ ಬಿದನೂರು. ಕೋವಿ ಪ್ರೀತಿಸುವವರು ಅಲ್ಲಿ ಸುಮ್ಮನೆ ಕೋಟೆ ನೋಡಿ ಬರಲಾಗದು. ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗಗಳ ಜೊತೆಗೆ ಬಿದನೂರಿನಲ್ಲೂ ಕಾರಖಾನೆ ನಡೆಸಿದ್ದ. 2018ರಲ್ಲಿ ಅಲ್ಲಿಯ ಹಳೆಯ ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಆದರೆ ನನ್ನ ಆಸೆ ರಾಕೆಟ್ಟಿನದಲ್ಲ. ಟಿಪ್ಪುವಿಗೆಂದೇ ಮಾಡಿದ ಚಕಮಕಿ ಕಲ್ಲಿನ ಬೇಟೆಕೋವಿಗಳಿವೆ. ಅವುಗಳ ಬೀಗದ ತಟ್ಟೆಯ ತುಂಬ ಬಬ್ರಿ ಎಂದು ಕರೆಯುವ ಹುಲಿಪಟ್ಟೆ. ಕಲ್ಲು ಕಚ್ಚುವ ಕುದುರೆಯೇ ಕೆಲವದರಲ್ಲಿ ಹುಲಿಯಾಗಿ ಬಾಗಿದೆ. ನಳಿಗೆಯ ಉಕ್ಕಿನ ಮೇಲೆ ಬೆಳ್ಳಿ, ಚಿನ್ನದ ಎಳೆಗಳನ್ನು ತುಂಬಿ ಬರೆದ ಅಕ್ಷರಗಳು. ತಾನೇ ಚಾಲ್ತಿಗೆ ತಂದ ಮೌಲೂದಿ ಶಕೆಯ ವರ್ಷ. ಕಾರ್ಯವಿಧಾನ ಯುರೋಪಿನದು, ನಾಲಿಗೆ ಶ್ರೀರಂಗಪಟ್ಟಣದ್ದು. ಆ ಕಾಲದ ಯುರೋಪಿನ ಕೋವಿಗಳ ಪಕ್ಕದಲ್ಲಿಟ್ಟರೆ ಯಾವ ಹಿಂಜರಿಕೆಯೂ ಇಲ್ಲದೆ ತಲೆಯೆತ್ತಿ ನಿಲ್ಲುವ ಕೆಲಸ. 1799ರ ನಂತರ ಅವು ಹಡಗು ಹತ್ತಿದವು. ವಿಂಡ್ಸರ್ ಅರಮನೆಯಲ್ಲೂ ಲಂಡನ್ನಿನ ಹರಾಜುಗಳಲ್ಲೂ ಕಾಣಿಸಿಕೊಂಡವು. ನನ್ನ ಗೋಡೆಗೆ ಅವು ಬರುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಅವುಗಳದೇ ಮೊದಲ ಸಾಲು, ಅದನ್ನು ನಾನು ಅಳಿಸುವವನಲ್ಲ.

ಗೋಡೆಗೆ ಬರುವುದು ಬೇರೆ, ಮನೆಮಂದಿಯಾಗುವುದು ಬೇರೆ. ಕೋವಿ ಮನೆಯ ಒಬ್ಬ ಸದಸ್ಯನಾಗಿರುವುದನ್ನು ನೋಡಬೇಕಾದರೆ ಕೊಡಗಿಗೆ ಹೋಗಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ದಿನ ಗೆಳೆಯರೊಬ್ಬರ ಐನ್‌ಮನೆಯಲ್ಲಿ ಕೋವಿಗಳನ್ನು ಒರೆಸಿ, ಎಣ್ಣೆ ಹಚ್ಚಿ, ಗಂಧದ ಬೊಟ್ಟಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ನೆಲ್ಲಕ್ಕಿ ಬೊಳ್ಚ ಎಂಬ ದೀಪದ ಮುಂದೆ ಸಾಲಾಗಿ ಇಟ್ಟದ್ದನ್ನು ನೋಡಿದೆ. ಕೆಂಪು ಹಳದಿ ಎಸಳುಗಳನ್ನು ಹಿಂದಕ್ಕೆ ಬಾಗಿಸಿಕೊಂಡು ಉರಿಯುವ ಆ ಹೂವು ಕಪ್ಪು ಉಕ್ಕಿನ ತುದಿಯಲ್ಲಿ ನಿಂತಾಗಿನ ಚೆಲುವನ್ನು ಏನೆಂದು ಹೇಳಲಿ! ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಪುತ್ತರಿಯಲ್ಲಿ ಕದಿರು ಕೊಯ್ಯುವ ಗಳಿಗೆಗೆ ಮತ್ತೊಂದು. ಬೆಟ್ಟದಿಂದ ಬೆಟ್ಟಕ್ಕೆ ಸುದ್ದಿ ಮುಟ್ಟಿಸಿದ ಕೋವಿಗಳು ಅವು. ನಮ್ಮಲ್ಲೂ ಆಯುಧಪೂಜೆಗೆ ಕತ್ತಿ, ಹಾರೆ, ಬೈಕಿನ ಪಕ್ಕ ಕೋವಿಗೆ ಕುಂಕುಮ ಬೀಳುತ್ತದೆ. ಆದರೆ ಕೊಡಗಿನವರ ಕೈ ಕೋವಿಯನ್ನು ಮುಟ್ಟುವ ಬಗೆಯಲ್ಲಿ ಇನ್ನೂ ಏನೋ ಇದೆ. ಹಿರಿಯರ ತೋಳು ಹಿಡಿದು ನಡೆಸುವ ಆ ನಯ ನಾನು ಬೇರೆಲ್ಲೂ ಕಂಡಿಲ್ಲ.

ಕಾಪುವಿನಲ್ಲಿ ಮನೆ ಇರುವವನಿಗೆ ಉಕ್ಕಿನ ಬಗ್ಗೆ ಮಾತಾಡುವ ಹಕ್ಕು ತುಸು ಹೆಚ್ಚು. 1901ರ ದೀಪಸ್ತಂಭದ ಕೆಳಗೆ ಬಂಡೆಗೆ ಬಡಿದು ಏಳುವ ತುಂತುರು ಗಾಳಿಯಲ್ಲಿ ಸೇರಿ ಮನೆಯೊಳಗೆ ಬರುತ್ತದೆ. ಗೇಟಿನ ಚಿಲಕ, ಸೈಕಲ್ಲಿನ ಕಡ್ಡಿ, ಅಡುಗೆಮನೆಯ ಕತ್ತಿ, ಯಾವುದನ್ನೂ ಅದು ಬಿಟ್ಟದ್ದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ರಾತ್ರಿ ಸಾಕು, ಬರೀ ಉಕ್ಕಿನ ಮೇಲೆ ಕೇಸರಿ ಪುಡಿ ಏಳಲು. ಇದನ್ನೇ ಬಲ್ಲವನಿಗೆ ಕೋವಿಯ ನಳಿಗೆಯ ಆ ಆಳವಾದ ನೀಲಿಗಪ್ಪು ಹೇಗೆ ಬರುತ್ತದೆಂದು ತಿಳಿದಾಗ ಆಗುವ ಬೆರಗೇ ಬೇರೆ. ಅದು ತುಕ್ಕು! ಒಳ್ಳೆಯ ಕೋವಿ ಮನೆಗಳಲ್ಲಿ ನುಣುಪು ಮಾಡಿದ ನಳಿಗೆಗೆ ಒಂದು ದ್ರಾವಣ ತೆಳುವಾಗಿ ಒರೆಸಿ ತೇವದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಗಂಟೆಗಳು ಕಳೆದಂತೆ ಸಮನಾದ, ನವಿರಾದ ಕೆಂಪು ತುಕ್ಕು ಹಿಡಿಯುತ್ತದೆ. ಆ ನಳಿಗೆಯನ್ನು ಕುದಿಯುವ ನೀರಿಗಿಳಿಸಿದರೆ ಕೆಂಪು ಕಪ್ಪಾಗುತ್ತದೆ. ಮೇಲಿನ ಪುಡಿಯನ್ನು ಮೃದುವಾಗಿ ಉಜ್ಜಿ ತೆಗೆದು, ಮತ್ತೆ ದ್ರಾವಣ, ಮತ್ತೆ ತುಕ್ಕು, ಮತ್ತೆ ಕುದಿನೀರು. ಹೀಗೆ ದಿನಗಟ್ಟಲೆ. ಪ್ರತಿ ಸುತ್ತಿಗೂ ಬಣ್ಣ ಒಂದು ಎಳೆ ಇಳಿಯುತ್ತದೆ, ಇನ್ನೊಂದು ಎಳೆ ಇಳಿಯುತ್ತದೆ, ಕೊನೆಗೆ ಬೆಳಕು ಮೇಲೆ ಜಾರಿಹೋಗದೆ ಒಳಗೆ ಹೊಕ್ಕು, ಅಲ್ಲೇ ತುಸು ತಂಗಿ, ಹೊರಗೆ ಬರುತ್ತದೆ.

ಈಗಿನ ಕಾರ್ಖಾನೆಗಳಲ್ಲಿ ಬಿಸಿ ಉಪ್ಪುಗಳ ತೊಟ್ಟಿಯಲ್ಲಿ ಮುಳುಗಿಸಿ ನಿಮಿಷಗಳಲ್ಲಿ ಕಪ್ಪು ಮಾಡುತ್ತಾರೆ. ಅದು ಹೊಳೆಯುತ್ತದೆ, ನಿಜ. ನನಗೆ ಬೇಕಾದದ್ದು ಹೊಳಪಲ್ಲ, ಆ ತಂಗುವಿಕೆ. ಸಮುದ್ರದ ದಂಡೆಯಲ್ಲಿ ಕೋವಿ ಇಡುವವರು ಆ ಬಣ್ಣವನ್ನು ಎಣ್ಣೆಬಟ್ಟೆಯಿಂದ ದಿನವೂ ಕಾಯಬೇಕು. ಹಳಬರ ಮನೆಗಳಲ್ಲಿ ಯಂಗ್ಸ್ .303 ಎಣ್ಣೆಯ ಡಬ್ಬಿಗೆ ದೇವರ ಕೋಣೆಯ ಎಣ್ಣೆಯಷ್ಟೇ ಮರ್ಯಾದೆ. ಅದರ ಘಾಟು ಒಮ್ಮೆ ಮೂಗಿಗೆ ಹತ್ತಿದರೆ ಜೀವಮಾನಕ್ಕೆ ಮರೆಯುವುದಿಲ್ಲ, ನನಗಂತೂ ಅದು ಸುಗಂಧ.

ಈಗ ನನ್ನ ಪಟ್ಟಿಯ ಎದೆಗೆ ಬರುತ್ತೇನೆ. ವೆಸ್ಲಿ ರಿಚರ್ಡ್ಸ್, ಬರ್ಮಿಂಗ್‌ಹ್ಯಾಮ್. 12 ಬೋರಿನ ಜೋಡುನಳಿಗೆ. 1875ರಲ್ಲಿ ಅಲ್ಲಿ ಕೆಲಸಕ್ಕಿದ್ದ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಹೊರಗೆ ಚಾಚಿಕೊಂಡಿದ್ದ ಕುದುರೆಗಳನ್ನು ಪೆಟ್ಟಿಗೆಯೊಳಗೆ ಅಡಗಿಸಿದರು. ನಳಿಗೆ ಬಾಗುವ ತೂಕವೇ ಒಳಗಿನ ಕುದುರೆಗಳನ್ನು ಎಬ್ಬಿಸಿ ನಿಲ್ಲಿಸುವ ಏರ್ಪಾಡು. ಎಷ್ಟು ಸರಳ ಎಂದರೆ, ಇಂದಿಗೂ ಲೋಕದ ಅಸಂಖ್ಯ ಜೋಡುನಳಿಗೆಗಳು, ನಮ್ಮ ಕಾರ್ಕಳದ ಠಾಣೆಯ ಸಾಲಿನಲ್ಲಿ ನಿಂತವೂ ಸೇರಿ, ಅವರಿಬ್ಬರ ಉಪಾಯದಿಂದಲೇ ನಡೆಯುತ್ತವೆ. 1897ರಲ್ಲಿ ಅದೇ ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೋವಿಯ ಹೊಟ್ಟೆಯ ಕೆಳಗಿನ ಸಣ್ಣ ಮುಚ್ಚಳವನ್ನು ಬೆರಳಿನಿಂದಲೇ ತೆರೆದರೆ ಇಡೀ ಬೀಗ, ಎಡದ್ದೊಂದು ಬಲದ್ದೊಂದು, ಅಂಗೈಗೆ ಇಳಿದುಬರುತ್ತದೆ. ತಿರುಪುಳಿ ಬೇಡ, ಚಾಣ ಬೇಡ.

ಆ ಬೀಗವನ್ನು ಅಂಗೈಯಲ್ಲಿಟ್ಟು ನೋಡಬೇಕು. ಒಳಗಿರುವುದು, ಯಾರೂ ನೋಡದ್ದು, ಆದರೂ ಪ್ರತಿ ಭಾಗವೂ ಕನ್ನಡಿಗೆ ಸಮನಾಗಿ ತಿಕ್ಕಿದೆ. ಚಿನ್ನದ ತೆಳು ಲೇಪ ಕೊಟ್ಟವೂ ಇವೆ. ಇಂಗ್ಲಿಷ್ ವಿ ಅಕ್ಷರದ ಆಕಾರದ ಪುಟ್ಟ ಸ್ಪ್ರಿಂಗ್, ಅದರ ಬಾಗು ಎಲ್ಲಿ ತೆಳುವಾಗಬೇಕೋ ಅಲ್ಲೇ ತೆಳುವಾಗಿದೆ. ಹೊರಗಿನ ಪೆಟ್ಟಿಗೆಯ ಬಣ್ಣವಂತೂ ಮಾತಿಗೆ ಮೀರಿದ್ದು. ಉಕ್ಕನ್ನು ಎಲುಬಿನ ಇದ್ದಿಲಿನಲ್ಲಿ ಹುಗಿದು, ಕೆಂಪಗೆ ಕಾಯಿಸಿ, ಒಮ್ಮೆಲೇ ನೀರಿಗೆ ಸುರಿದಾಗ ಮೈ ಗಟ್ಟಿಯಾಗುವುದರ ಜೊತೆಗೆ ಬಣ್ಣಗಳೂ ಮೂಡುತ್ತವೆ. ಇಲ್ಲೊಂದು ನೀಲಿಯ ತೇಪೆ, ಅದರ ಅಂಚಿಗೆ ನೇರಳೆ, ನೇರಳೆ ಕರಗುವಲ್ಲಿ ಒಣಹುಲ್ಲಿನ ಹೊಂಬಣ್ಣ, ನಡುವೆ ಮಂಜುಬೂದಿ. ಮಾಡಿದವನಿಗೂ ಮುಂಚೆ ಗೊತ್ತಿರುವುದಿಲ್ಲ ಯಾವ ಬಣ್ಣ ಎಲ್ಲಿ ಬೀಳುತ್ತದೆಂದು. ಒಂದರ ಹಾಗೆ ಇನ್ನೊಂದಿಲ್ಲ. ಅದರ ಮೇಲೆ ಬಳ್ಳಿಯ ಕೆತ್ತನೆ, ಬಣ್ಣಕ್ಕೂ ಮೊದಲೇ ಉಳಿಯಿಂದ ಕೊರೆದದ್ದು, ಅದೆಷ್ಟು ಸಣ್ಣದೆಂದರೆ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಸುರುಳಿಗಳು ಎದ್ದು ನಿಲ್ಲುತ್ತವೆ.

ಮತ್ತೆ ಮರ. ಅಕ್ರೋಟಿನ ಮರ, ಬೇರಿಗೆ ಹತ್ತಿರದ ಭಾಗ. ಅಲ್ಲಿ ನಾರು ನೇರ ಓಡದೆ ಸುಳಿಯುತ್ತದೆ, ಕಪ್ಪು ಗೆರೆಗಳು ಕಂದಿನೊಳಗೆ ಹರಿದು, ಕವಲೊಡೆದು, ಕೂಡಿಕೊಳ್ಳುತ್ತವೆ. ಕೈ ಹಿಡಿಯುವ ಕುತ್ತಿಗೆಯಲ್ಲಿ ಮಾತ್ರ ನಾರು ನೇರ ಇರಬೇಕು, ಇಲ್ಲವಾದರೆ ಹೊಡೆತದ ಧಕ್ಕೆಗೆ ಮರ ಸೀಳುತ್ತದೆ. ಹಿಂದೆ ಚೆಲುವು, ನಡುವೆ ಬಲ, ಎರಡನ್ನೂ ಒಂದೇ ಹಲಗೆಯಲ್ಲಿ ಹುಡುಕುವುದು ಮರದವನ ಕಣ್ಣಿನ ಕೆಲಸ. ಅಗಸೆ ಎಣ್ಣೆಯನ್ನು ಹನಿ ಹನಿಯಾಗಿ, ಬರೀ ಅಂಗೈಯ ಬಿಸಿಯಿಂದ, ವಾರಗಟ್ಟಲೆ ತಿಕ್ಕುತ್ತಾರೆ. ಹಿಡಿಯಲ್ಲಿ ಕೊರೆದ ಸಣ್ಣ ಸಣ್ಣ ಹರಳುಗಳ ಸಾಲು ಬೆವರಿದ ಬೆರಳಿಗೂ ಜಾರುವುದಿಲ್ಲ, ಚುಚ್ಚುವುದೂ ಇಲ್ಲ. ಭುಜಕ್ಕೆ ಏರಿಸಿದರೆ ಕಣ್ಣು ತಾನಾಗಿ ನಳಿಗೆಗಳ ನಡುವಿನ ಪಟ್ಟಿಗೆ ಬಂದು, ತುದಿಯ ಮಣಿಯಲ್ಲಿ ನಿಲ್ಲುತ್ತದೆ. ಮೂರು ಕಿಲೊ ಆಸುಪಾಸಿನ ತೂಕ ಎರಡು ಕೈಗಳ ನಡುವೆ ಎಲ್ಲಿ ಹೋಯಿತೆಂದೇ ತಿಳಿಯದು.

ಲಂಡನ್ನಿನ ಪರ್ಡಿ ಇದಕ್ಕಿಂತ ಮೇಲಲ್ಲವೇ ಎಂದು ಕೇಳುವವರುಂಟು. ಬೀಸ್ಲಿ 1880ರಲ್ಲಿ ರೂಪಿಸಿದ ತಾನೇ ತೆರೆದುಕೊಳ್ಳುವ ಯಂತ್ರ, ಗುಲಾಬಿ ಮತ್ತು ಬಳ್ಳಿಯ ಕೆತ್ತನೆ, ಹೌದು, ಅದು ಅರಸರ ಕೋವಿ. ಆದರೆ ನನ್ನ ಒಲವು ವೆಸ್ಲಿ ರಿಚರ್ಡ್ಸ್‌ಗೇ. ಕಡಿಮೆ ಭಾಗಗಳಲ್ಲಿ ಹೆಚ್ಚು ಸಾಧಿಸಿದ ಕೆಲಸ ನನಗೆ ಎಂದೂ ಹೆಚ್ಚಿನದು.

ದೊಡ್ಡ ಬೇಟೆಯ ಜೋಡು ರೈಫಲ್‌ಗಳ ಬಗ್ಗೆ ಒಂದೇ ಮಾತು. 1907ರಲ್ಲಿ ಸರಕಾರ ಭಾರತದಲ್ಲಿ .450 ಬೋರನ್ನು ನಿಷೇಧಿಸಿತು. ದಂಗೆಕೋರರ ಕೈಗೆ ಅದೇ ಅಳತೆಯ ಸೈನ್ಯದ ಗುಂಡು ಸಿಗಬಾರದೆಂದು. ಇಂಗ್ಲೆಂಡಿನ ಕುಶಲಕರ್ಮಿಗಳು ಕೈಕಟ್ಟಿ ಕೂರದೆ .465, .470 ಎಂಬ ಹೊಸ ಅಳತೆಗಳನ್ನೇ ಹುಟ್ಟಿಸಿದರು. ನಮ್ಮ ಕಾಡುಗಳ ಸಲುವಾಗಿ ಹುಟ್ಟಿದ ಹಾಲೆಂಡ್ ಆ್ಯಂಡ್ ಹಾಲೆಂಡ್ .465 ನೋಡಿದಾಗೆಲ್ಲ ಒಂದು ಸರಕಾರಿ ಆದೇಶ ಇಷ್ಟು ಸುಂದರವಾದದ್ದನ್ನು ಹೆತ್ತಿತಲ್ಲ ಎನಿಸುತ್ತದೆ.

ಒಂಟಿ ರೈಫಲ್‌ಗಳಲ್ಲಿ ಎರಡರ ಮೇಲೆ ನನ್ನ ಜೀವ. ಒಂದು, ಕೆನೆತ್ ಆ್ಯಂಡರ್ಸನ್ ಹೆಗಲಿಗೇರಿಸಿ ನಡೆದ .405 ವಿಂಚೆಸ್ಟರ್, 1895ರ ಮಾದರಿ. ತೇಜಸ್ವಿಯವರ 'ಕಾಡಿನ ಕತೆಗಳು' ಓದಿ ಬೆಳೆದ ನಮ್ಮ ತಲೆಮಾರಿಗೆ ಆ ರೈಫಲ್ ಕತೆಯ ಒಬ್ಬ ಪಾತ್ರ. ನಮ್ಮ ಘಟ್ಟದ ಮೇಲಿನ ತ್ಯಾಗರ್ತಿಯ ಹುಲಿಗಳ ಮೇಲೂ ಆ್ಯಂಡರ್ಸನ್ ಬರೆದಿದ್ದಾರೆ. ಆ ರೈಫಲ್ ಜಾನ್ ಬ್ರೌನಿಂಗ್‌ನ ಕಲ್ಪನೆ. ಕೆಳಗಿನ ಸನ್ನೆಯನ್ನು ಮುಂದಕ್ಕೆ ತಳ್ಳಿದರೆ ಒಳಗಿನದೆಲ್ಲ ಹೊರಗೆ ಚಾಚಿಕೊಂಡು, ಹಿಂದಕ್ಕೆಳೆದರೆ ಮಡಚಿ ಒಳಸೇರುತ್ತದೆ. ನೋಡಲು ಇದರಷ್ಟು ಬೆಡಗಿಲ್ಲದ ರೈಫಲ್ ಕಡಿಮೆ, ಹೊಟ್ಟೆಯ ಮುಂದೆ ಮದ್ದಿನ ಪೆಟ್ಟಿಗೆ ಬೇರೆ. ಆದರೆ ಚಲಿಸುವಾಗ ಅದರ ಕೀಲುಗಳೆಲ್ಲ ಒಂದರ ಹಿಂದೊಂದು ಏಳುವ ತಾಳ ಇದೆಯಲ್ಲ, ಅದಕ್ಕೆ ನಾನು ಮಾರುಹೋಗಿದ್ದೇನೆ.

ಇನ್ನೊಂದು .275 ರಿಗ್ಬಿ. ಚಂಪಾವತದ ನರಭಕ್ಷಕಿಯನ್ನು 1907ರಲ್ಲಿ ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕ ರೈಫಲ್. ಮೌಸರ್‌ನ 1898ರ ಯಂತ್ರಕ್ಕೆ ಲಂಡನ್ನಿನ ರಿಗ್ಬಿಯವರು ತೊಡಿಸಿದ ನಳಿಗೆ, ಮರ. ಬೋಲ್ಟಿನ ಬದಿಗೆ ಉದ್ದಕ್ಕೆ ಮಲಗಿದ ಉಕ್ಕಿನ ಪಂಜವೊಂದು ಗುಂಡು ಪೆಟ್ಟಿಗೆಯಿಂದ ಏಳುವಾಗಲೇ ಅದರ ಅಂಚನ್ನು ಹಿಡಿಯುತ್ತದೆ; ಒಳಗೆ ಕೂರಿಸುವವರೆಗೂ ಬಿಡುವುದಿಲ್ಲ, ಖಾಲಿ ತೋಟೆಯನ್ನು ಹೊರಗೆಸೆಯುವವರೆಗೂ ಬಿಡುವುದಿಲ್ಲ. ತಲೆಕೆಳಗಾಗಿ ಹಿಡಿದರೂ ನಡೆಯುವ ಯಂತ್ರ. ನರಭಕ್ಷಕನ ಎದುರು ನಿಂತವನಿಗೆ ಬೇಕಾದದ್ದು ಈ ನೆಚ್ಚಿಕೆ. ತೆಳ್ಳನೆಯ, ಬಡಕಲಲ್ಲದ, ಒಂದು ಗೆರೆಯೂ ಹೆಚ್ಚಿಲ್ಲದ ಮೈ. ನಮ್ಮ ತುಳುನಾಡಿನವರೇ ಆದ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಓದಿದಾಗಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಕಾಡು, ಪ್ರಾಣಿಗಳಷ್ಟೇ ಅಕ್ಕರೆಯಿಂದ ಕೋವಿಯನ್ನೂ ಬಲ್ಲ ಮನುಷ್ಯನ ಕಣ್ಣು.

ಪಿಸ್ತೂಲುಗಳಲ್ಲಿ ನನಗೆ ಬೇಕೆನಿಸಿದ್ದು ಮೌಸರ್ ಸಿ96 ಒಂದೇ. ಹಿಡಿಯ ಮರ ಬಿಗಿಯುವ ಒಂದು ತಿರುಪು ಬಿಟ್ಟರೆ ಇಡೀ ಯಂತ್ರದಲ್ಲಿ ತಿರುಪೇ ಇಲ್ಲ. ಪ್ರತಿ ಭಾಗವೂ ಪಕ್ಕದ ಭಾಗವನ್ನು ಹಿಡಿದು ನಿಲ್ಲಿಸುತ್ತದೆ. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೊಡ್ಡಾ ಕಂಪನಿಗೆ ಬಂದ ಸರಕಿನಿಂದ ಕ್ರಾಂತಿಕಾರಿಗಳು ಹೊತ್ತೊಯ್ದ 50 ಪಿಸ್ತೂಲುಗಳು ಇವೇ. ಉಕ್ಕಿನ ಬುದ್ಧಿವಂತಿಕೆಯೂ ನಮ್ಮ ಚರಿತ್ರೆಯೂ ಒಂದರಲ್ಲೇ ಸೇರಿದ್ದು ಇಷ್ಟು ಚೆನ್ನಾಗಿ ಬೇರೆಲ್ಲಿ ಸಿಗುತ್ತದೆ?

ಲೈಸೆನ್ಸಿಲ್ಲದೆಯೂ ಈ ರಸವನ್ನು ಸವಿಯಬಹುದು ಎಂದು ಓದುಗರಿಗೆ ಹೇಳಲೇಬೇಕು. 2016ರ ನಿಯಮಗಳಂತೆ 20 ಜೂಲ್ ಮೀರದ .177 ಏರ್‌ಗನ್ನಿಗೆ ಪರವಾನಗಿ ಬೇಡ. ಜರ್ಮನಿಯ ಫೈನ್‌ವೆರ್ಕ್‌ಬೌ 300ಎಸ್ ಸಿಕ್ಕರೆ ಒಮ್ಮೆ ಹಿಡಿದು ನೋಡಿ. ಹೊಡೆದ ಗಳಿಗೆಗೆ ಯಂತ್ರದ ಭಾಗ ಪೂರ್ತಿ ಹಳಿಗಳ ಮೇಲೆ ಕೂದಲೆಳೆಯಷ್ಟು ಹಿಂದೆ ಜಾರಿ ಹಿಮ್ಮೆಟ್ಟನ್ನು ನುಂಗಿಬಿಡುತ್ತದೆ. ಭುಜಕ್ಕೆ ಏನೂ ತಾಗುವುದಿಲ್ಲ. ಹತ್ತು ಮೀಟರಿನ ಆಚೆ ಕಾಗದದಲ್ಲಿ ಮಾತ್ರ ಒಂದು ಅಚ್ಚುಕಟ್ಟಾದ ತೂತು.

ಹಾಗಾದರೆ ಗೋಡೆಯ ಎರಡು ಜಾಗ? ಮೊದಲನೆಯದರ ಬಗ್ಗೆ ಚರ್ಚೆಯಿಲ್ಲ, ಆನ್ಸನ್-ಡೀಲಿಯ ಜೋಡುನಳಿಗೆ. ಕೈಗೆ ಇಳಿಯುವ ಬೀಗದ ವೆಸ್ಲಿ ರಿಚರ್ಡ್ಸ್ ಸಿಗದಿದ್ದರೆ ಅದೇ ಮನೆಯ ಸಾದಾ ಬಾಕ್ಸ್‌ಲಾಕ್ ಆದರೂ ಸೈ. 1980ರ ದಶಕದಲ್ಲಿ ಸಾಮಾನ್ಯ ನಾಗರಿಕರಿಗೆ ವಿದೇಶಿ ಕೋವಿಯ ಆಮದು ನಿಂತಮೇಲೆ ದೇಶದೊಳಗೆ ಇರುವವೇ ಕೈಯಿಂದ ಕೈಗೆ ಸಾಗಬೇಕು. ಹಾಗಾಗಿ ಹುಡುಕಾಟಕ್ಕೆ ವರ್ಷಗಳು ಬೇಕು. ಆ ವರ್ಷಗಳನ್ನು ಕೊಡಲು ನಾನು ತಯಾರಿದ್ದೇನೆ.

ಎರಡನೆಯದು ಬ್ರ್ನೋ, .22, ಮಾಡೆಲ್ 2. ಚೆಕೊಸ್ಲೊವಾಕಿಯಾದ ಆ ಪುಟ್ಟ ರೈಫಲ್ಲಿನ ಮೇಲೆ ಭಾರತದ ಕೋವಿಪ್ರಿಯರಿಗೆ ಇರುವಷ್ಟು ಮಮತೆ ಬೇರೆ ಯಾವುದರ ಮೇಲೂ ಇಲ್ಲ. ಕೆಲವರು ಇದನ್ನು ಹುಡುಗರ ಆಟಿಕೆ ಎನ್ನುತ್ತಾರೆ. ಅವರು ಅದರ ಬೋಲ್ಟನ್ನು ಒಮ್ಮೆ ಎಳೆದು ನೋಡಲಿ. ದೊಡ್ಡ ಮೌಸರಿನ ನಡತೆ, ಬೆರಳಿಗೆ ಹೊಂದುವ ಅಳತೆಯಲ್ಲಿ. ಮೇಲೆತ್ತುವಾಗ ಒಂದು ಸಣ್ಣ ಪ್ರತಿರೋಧ, ಹಿಂದಕ್ಕೆಳೆಯುವಾಗ ಎಣ್ಣೆಯ ಮೇಲೆ ತೇಲುವ ಜಾರು, ಮುಂದಕ್ಕೆ ತಳ್ಳುವಾಗ ಗುಂಡು ಗೂಡು ಸೇರಿದ್ದು ಹೆಬ್ಬೆರಳಿಗೆ ಮೆಲ್ಲಗೆ ತಿಳಿಯುತ್ತದೆ. ಹಿಂಗುರಿಯ ತೊಲೆಯ ಮೇಲೆ ದೂರದ ಅಂಕಿಗಳನ್ನು ಕೊರೆದಿದ್ದಾರೆ. ಚಿಟಿಕೆ ಒತ್ತಿ ಸರಿಸಿದರೆ ಒಂದೊಂದು ಕಚ್ಚಿನಲ್ಲೂ ಖಚಿತವಾಗಿ ನಿಲ್ಲುತ್ತದೆ. ಐದು ಗುಂಡಿನ ಪುಟ್ಟ ಮ್ಯಾಗಜೀನ್. ಎರಡೂವರೆ ಗ್ರಾಮಿನ ಸೀಸ ಹೊರಟಾಗ ಕಿವಿಗೆ ಬರುವುದು ಚಾವಟಿಯ ತುದಿಯಷ್ಟು ಸದ್ದು. ಕ್ಲಬ್ಬಿನ ರೇಂಜಿನಲ್ಲಿ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಹೊಡೆದರೂ ಭುಜ ನೋಯುವುದಿಲ್ಲ, ಮನಸ್ಸು ತಣಿಯುವುದೂ ಇಲ್ಲ.

ಕಾರ್ಕಳದ ಮಾವನ ಮುಂದೆ ಈ ಎರಡನ್ನೂ ಹೇಳಿದೆ. ಅವರು ತಮ್ಮ ಕೇಪಿನ ಕೋವಿಯ ಮರಕ್ಕೆ ಎಣ್ಣೆ ತಿಕ್ಕುತ್ತಲೇ, "ಜೋಡುನಳಿಗೆ ಸರಿ. ಇನ್ನೊಂದಕ್ಕೆ ರಿಗ್ಬಿ ತಕೊಳ್ಳುದಲ್ವಾ ಮಾರಾಯ, ಕಾರ್ಬೆಟ್ಟಿಂದು!" ಎಂದರು. ಮನಸ್ಸು ಒಂದು ಗಳಿಗೆ ಅತ್ತ ವಾಲಿತು. ಆದರೆ ರಿಗ್ಬಿ ಹುಟ್ಟಿದ್ದು ಹುಲಿಯ ಎದುರು ನಿಲ್ಲಲು. ನನ್ನ ಕೈಯಲ್ಲಿ ಅದು ಕಪಾಟಿನೊಳಗೆ ಎಣ್ಣೆ ಕುಡಿಯುತ್ತ ಕೂರಬೇಕಾಗುತ್ತದೆ, ಅಷ್ಟು ದೊಡ್ಡ ಕೆಲಸಗಾರನಿಗೆ ಅದು ತಕ್ಕುದಲ್ಲ. ಬ್ರ್ನೋವನ್ನು ನಾನು ದುಡಿಸಬಲ್ಲೆ. ಕಾರ್ಬೆಟ್ಟರ ರೈಫಲ್ ಈಗ ರಿಗ್ಬಿ ಕಂಪನಿಯವರ ಬಳಿಯೇ ಇದೆ. ಲಂಡನ್ನಿಗೆ ಹೋದಾಗ ನೋಡಿ ಬರುತ್ತೇನೆ ಎಂದು ಮಾವನಿಗೆ ಹೇಳಿದ್ದೇನೆ, ಅವರೂ ಬರುತ್ತಾರಂತೆ.